ಎಲಿಸನ ಕೆಂಪು ದಾರ

ನನ್ನ ಗಂಡ ಎಲಿಸ್ ನನ್ನನ್ನು ‘ನೀವು’ ಅನ್ನತೊಡಗಿ ಎರಡು ವರ್ಷವಾಗಿತ್ತು. ಅದಕ್ಕೆ ಮುಂಚೆ ಐವತ್ತು ವರ್ಷ ಅದೇ ಬಾಯಿ ‘ಏ ಸಿಗ್ನೆ’ ಅನ್ನುತ್ತಿತ್ತು, ಸಿಟ್ಟು ಬಂದರೆ ‘ಲೇ ಕತ್ತೆ’ ಅನ್ನುತ್ತಿತ್ತು. ಒಂದು ಬೆಳಿಗ್ಗೆ ಕಾಫಿ ಕೊಟ್ಟರೆ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ನಿಮಗೆ ತೊಂದರೆ ಕೊಟ್ಟೆ ಅಮ್ಮಾ. ಈ ಮನೇಲಿ ನಿಮ್ಮನ್ನ ಚೆನ್ನಾಗಿ ನೋಡ್ಕೋತಾರಾ?” ಎಂದು ಕೇಳಿದ.

“ಪರವಾಗಿಲ್ಲ,” ಎಂದೆ. “ಯಜಮಾನರು ಸ್ವಲ್ಪ ಹಠಮಾರಿ.”

“ಎಲ್ಲಾ ಮನೇಲೂ ಅಷ್ಟೇ ಬಿಡಿ,” ಎಂದು ನನಗೇ ಸಮಾಧಾನ ಹೇಳಿದ.

ನಗು ಬಂತು, ನಕ್ಕೆ. ಆಮೇಲೆ ದೋಣಿಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಹಳೆಯ ಬಲೆಗಳ ಮೇಲೆ ಕೂತು ಅತ್ತೆ. ಐದು ನಿಮಿಷಕ್ಕಿಂತ ಹೆಚ್ಚು ಅಳುವ ಹಾಗಿರಲಿಲ್ಲ. ಅಷ್ಟರಲ್ಲಿ ಅವನು ಒಲೆಯ ಬಾಗಿಲು ತೆಗೆದು ಕೆಂಡಕ್ಕೆ ಕೈ ಹಾಕಿಬಿಡಬಲ್ಲ.

ಅವನು ಮರೆತದ್ದು ನನ್ನನ್ನು, ಸಿಗ್ನೆಯನ್ನಲ್ಲ. ಸಿಗ್ನೆ ಇನ್ನೂ ಆಚೆ ದಡದಲ್ಲಿ, ಚರ್ಚಿನೂರಿನ ತನ್ನ ಅಪ್ಪನ ಮನೆಯಲ್ಲಿ, ಇಪ್ಪತ್ತೆರಡರ ಹುಡುಗಿಯಾಗಿ ಕೆಂಪು ಟೋಪಿ ಹಾಕಿಕೊಂಡು ಅವನಿಗಾಗಿ ಕಾಯುತ್ತಿದ್ದಳು. ಕಡಲು ಹೆಪ್ಪುಗಟ್ಟಿದ ಕೂಡಲೇ ಅವಳನ್ನು ಕರೆತರಬೇಕು. ದಿನಕ್ಕೆ ಇಪ್ಪತ್ತು ಸಲ ಕಿಟಕಿಯ ಹತ್ತಿರ ನಿಂತು ಅದನ್ನೇ ಹೇಳುತ್ತಿದ್ದ. ಎಪ್ಪತ್ತನಾಲ್ಕರ ನಾನು ಪಕ್ಕದಲ್ಲೇ ನಿಂತು ಅವನ ಗುಂಡಿ ಹಾಕುತ್ತ ಕೇಳುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವಳಿಗೆ ಅವನ ಚಡ್ಡಿ ಒಗೆಯುವ ಕೆಲಸ ಇರಲಿಲ್ಲ.

ನಮ್ಮದು ಕಡಲಂಚಿನ ಕೊನೆಯ ದ್ವೀಪ, ಏಳೇ ಮನೆ. ಫಿನ್ಲೆಂಡಿನ ನಕ್ಷೆಯಲ್ಲಿ ನೊಣ ಕೂತಷ್ಟು ಜಾಗ. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದ ಮೇಲೆ ಚರ್ಚಿನೂರಿಗೆ ಮಂಜುಗಡ್ಡೆಯ ಮೇಲೇ ದಾರಿ. ದಾರಿ ಹಾಕುವವನು ಕಬ್ಬಿಣದ ಮೊನೆಯ ಕೋಲಿನಿಂದ ಹೆಜ್ಜೆಹೆಜ್ಜೆಗೂ ಗಡ್ಡೆ ಕುಟ್ಟಿ ನೋಡಿ, ನೂರು ಹೆಜ್ಜೆಗೊಂದು ತೂತು ಕೊರೆದು, ಅದರಲ್ಲಿ ಗುರುತಿಗೆ ಒಂದು ಜುನಿಪರ್ ಪೊದೆ ನೆಡುತ್ತಾನೆ. ಇಟ್ಟು ಕೈ ತೊಳೆದುಕೊಳ್ಳುವ ಹಾಗಿಲ್ಲ. ದಿನಾ ಬೆಳಿಗ್ಗೆ ಅವನೇ ಹೋಗಿ ನೋಡಬೇಕು. ಗಡ್ಡೆ ಕೆಟ್ಟಿದ್ದರೆ ಎರಡು ಪೊದೆ ಕಿತ್ತು ದಾರಿಗೆ ಅಡ್ಡಡ್ಡ ಕತ್ತರಿಯ ಹಾಗೆ ಇಡಬೇಕು. ಆ ಕತ್ತರಿ ಕಂಡರೆ ಪಾದ್ರಿಯಾದರೂ ಅಲ್ಲೇ ನಿಲ್ಲಬೇಕು. ಒಬ್ಬ ನೆಟ್ಟ ಪೊದೆಯನ್ನು ಇನ್ನೊಬ್ಬ ಮುಟ್ಟುವುದಿಲ್ಲ.

ನಲವತ್ತೊಂದು ಚಳಿಗಾಲ ಆ ದಾರಿ ಹಾಕಿದವನು ಎಲಿಸ್. ಅವನ ಪೊದೆಗಳ ಕುತ್ತಿಗೆಗೆ ಒಂದು ಕೆಂಪು ಉಣ್ಣೆ ದಾರ ಇರುತ್ತಿತ್ತು. ಕೆಂಪು ದಾರ ಕಂಡರೆ ಜನ ಮಗುವನ್ನು ಜಾರುಬಂಡಿಯಲ್ಲಿ ಕೂರಿಸಿ ಕಣ್ಣು ಮುಚ್ಚಿ ತಳ್ಳುತ್ತಿದ್ದರು. ಒಬ್ಬರ ಕಾಲೂ ಒದ್ದೆಯಾಗಲಿಲ್ಲ.

ಆ ಹೆಸರನ್ನು ಕಾಪಾಡಲು ನಾನು ಸುಳ್ಳು ಹೇಳಿದೆ. ನನ್ನ ತಪ್ಪು ಅಲ್ಲಿಂದಲೇ ಶುರು.

ಮರೆವು ಬಂದಿದೆ ಅಂತ ಊರಿಗೆ ಗೊತ್ತಾದರೆ ಪುರಸಭೆಯವರು ಅವನನ್ನು ಆಚೆ ದಡದ ವೃದ್ಧಾಶ್ರಮಕ್ಕೆ ಒಯ್ಯುತ್ತಾರೆ. ಅಲ್ಲಿನ ಊಟದ ಕೋಣೆ ನಾನು ನೋಡಿದ್ದೇನೆ. ಹತ್ತು ಜನ ಮುದುಕರು, ಮಕ್ಕಳ ಹಾಗೆ ಕುತ್ತಿಗೆಗೆ ಕಟ್ಟಿದ ಹತ್ತು ಬಿಬ್, ಸಮುದ್ರ ಕಾಣದ ಒಂದು ಕಿಟಕಿ. ನಮಗೆ ಮಕ್ಕಳಿಲ್ಲ, ಕೇಳುವವರಿಲ್ಲ. ಹಾಗಾಗಿ ಎಲಿಸನಿಗೆ ಮೊಣಕಾಲು ನೋವು ಅಂದೆ, ಕಿವಿ ಮಂದ ಅಂದೆ. ಯಾರಾದರೂ ಬಂದರೆ ಹತ್ತು ನಿಮಿಷ ಅವನೂ ಚೆನ್ನಾಗಿಯೇ ನಟಿಸುತ್ತಿದ್ದ. ಹನ್ನೊಂದನೇ ನಿಮಿಷಕ್ಕೆ ನಾನು ಕಾಫಿ ಲೋಟ ಎತ್ತಿಬಿಡುತ್ತಿದ್ದೆ.

ಜನವರಿಯಲ್ಲಿ ಪಕ್ಕದ ಮನೆಯ ರೂನಾರ್ ಬಂದ. ಎಲಿಸ್ ಬಿಟ್ಟ ಮೇಲೆ ದಾರಿ ಹಾಕುವ ಕೆಲಸ ಅವನ ಹೆಗಲಿಗೆ ಬಿದ್ದಿತ್ತು. ಒಳ್ಳೆಯ ಮನುಷ್ಯ, ಆದರೆ ಪುಕ್ಕಲ. ಅವನ ದಾರಿ ಸಮುದ್ರದ ನಡುವಿನ ಕಾಗೆಬಂಡೆಯನ್ನು ದೂರದಿಂದಲೇ ಸುತ್ತಿ ಬಳಸಿ ಹೋಗುತ್ತಿತ್ತು.

“ಜನ ಬೈತಾರೆ ಸಿಗ್ನಕ್ಕ,” ಎಂದ ಏಲಕ್ಕಿ ಬನ್ನು ಮುರಿಯುತ್ತ. “ಒಂದು ಗಂಟೆ ಸುತ್ತಂತೆ. ಎಲಿಸಣ್ಣ ಹಾಕ್ತಿದ್ದಾಗ ಹಿಂಗಿರಲಿಲ್ಲವಂತೆ. ಏನಣ್ಣ, ಈ ಸಲ ಚಳಿ ಜೋರಾಗಿದೆ, ಕಾಗೆಬಂಡೆ ಪಕ್ಕದಲ್ಲೇ ನೇರ ಹೋಗಬಹುದಾ?”

ಎಲಿಸ್ ಕಿಟಕಿಯ ಕಡೆ ನೋಡಿದ. “ಹೋಗಬಹುದು. ನೋಡಿ ಹೇಳ್ತೀನಿ,” ಎಂದ, ಹಳೆಯ ಎಲಿಸನ ದನಿಯಲ್ಲೇ.

ಕಾಗೆಬಂಡೆಯ ಈಚೆಗೆ, ನಮ್ಮ ದಡದಿಂದ ಮುನ್ನೂರು ಹೆಜ್ಜೆ ದೂರದಲ್ಲಿ ನೀರಿಗೆ ಸೆಳೆತವಿದೆ. ಅವನು ಹರೆಯದಲ್ಲಿ ನನ್ನನ್ನು ಕರೆತರಲು ದಾರಿ ಹಾಕಿದ್ದು ಅಲ್ಲೇ, ಅಂಬು ಬಿಟ್ಟಷ್ಟು ನೇರ. ಆಗ ಆ ಸೆಳೆತ ಇರಲಿಲ್ಲ. ಉತ್ತರದಲ್ಲಿ ಒಡ್ಡು ಹಾಕಿ ರಸ್ತೆ ಮಾಡಿದ ಮೇಲೆ ನೀರೆಲ್ಲ ಈ ಕಡೆ ತಿರುಗಿ ಗಡ್ಡೆಯನ್ನು ಕೆಳಗಿನಿಂದ ತಿನ್ನತೊಡಗಿತು. ಕಡುಚಳಿಯಲ್ಲಿ ಅದು ಮನುಷ್ಯನನ್ನು ಹೊರುತ್ತದೆ, ಒಂದು ಬೆಚ್ಚನೆಯ ತೆಂಕಣ ಗಾಳಿ ಬೀಸಿದರೆ ರಾತ್ರಿ ಬೆಳಗಾಗುವುದರೊಳಗೆ ಬೆಕ್ಕನ್ನೂ ಹೊರುವುದಿಲ್ಲ.

ನಾನು ಆಗಲೇ ಹೇಳಬೇಕಿತ್ತು, ‘ರೂನಾರ್, ಇವನ ಮಾತು ನಂಬಬೇಡ’ ಅಂತ. ಹೇಳಲಿಲ್ಲ. “ಮೊಣಕಾಲು ಸರಿಹೋಗಲಿ, ನೋಡ್ತಾನೆ,” ಅಂದೆ.

“ಆಯ್ತು ಬಿಡಿ,” ಎಂದ ರೂನಾರ್. “ಕೆಂಪು ದಾರ ಕಂಡ್ರೆ ಎಲ್ಲರೂ ಆ ಕಡೆ ತಿರುಗ್ತೀವಿ. ನನ್ನ ಮರ್ಯಾದೆ ಹೋದ್ರೂ ಪರವಾಗಿಲ್ಲ, ಒಂದು ಗಂಟೆ ಉಳಿಯುತ್ತೆ.” ಹೋಗುತ್ತ ಚರ್ಚಿನೂರಿನವರಿಗೂ ಫೋನಿನಲ್ಲಿ ಹೇಳಿದನಂತೆ, ಎಲಿಸಣ್ಣ ನೇರ ದಾರಿ ನೋಡ್ತಾರಂತೆ ಅಂತ.

ಆ ಚಳಿಗಾಲದಲ್ಲಿ ನನ್ನ ದೇಹ ಸೋತಿತ್ತು. ರಾತ್ರಿ ಅವನು ನಾಲ್ಕು ಸಲ ಏಳುತ್ತಿದ್ದ, ನಾಲ್ಕು ಸಲ ಬೂಟು ಹುಡುಕುತ್ತಿದ್ದ. ಹೊರಬಾಗಿಲಿಗೆ ಹಸುವಿನ ಹಳೇ ಗಂಟೆ ಕಟ್ಟಿದ್ದೆ. ಅದರ ಸದ್ದಿಗೆ ಎಚ್ಚರವಾಗಿ ಎಚ್ಚರವಾಗಿ, ಕೊನೆಗೆ ಸದ್ದಿಲ್ಲದಿದ್ದರೂ ಕೇಳಿಸುತ್ತಿತ್ತು. ಹೊರಗೆ ಹೋದರೆ ಅವನ ಎಡಗೈ ನನ್ನ ಬಲಗೈಯಲ್ಲೇ ಇರಬೇಕು. “ಕೈ ಬಿಡಿ ಅಮ್ಮಾ,” ಅನ್ನುತ್ತಿದ್ದ. “ಬಿಡಲ್ಲ,” ಅನ್ನುತ್ತಿದ್ದೆ. ನಮ್ಮ ದಾಂಪತ್ಯ ಈ ಎರಡು ಮಾತಿಗೆ ಬಂದು ನಿಂತಿತ್ತು.

ಒಂದು ದಿನ ಸೂಪಿನ ಬಟ್ಟಲು ನೆಲಕ್ಕೆ ಎಸೆದ. ನಾನು ಅವನ ಕೆನ್ನೆಗೆ ಹೊಡೆದೆ. ಅವನು ಕೆನ್ನೆ ಹಿಡಿದುಕೊಂಡು, “ಸಿಗ್ನೆಗೆ ಹೇಳ್ತೀನಿ,” ಎಂದ.

ಮಾರನೇ ದಿನವೇ ಪುರಸಭೆಗೆ ಫೋನ್ ಮಾಡಿದೆ. ಪ್ರತಿ ಗುರುವಾರ ನಾಲ್ಕು ಗಂಟೆ ಹೊತ್ತು ಯಾರನ್ನಾದರೂ ಕಳಿಸಿ, ಮನೆಯವರಿಗೆ ಸ್ವಲ್ಪ ಮರೆವು, ನನಗೆ ಸುಸ್ತು. ಸ್ವಲ್ಪ ಮರೆವು! ಅಲ್ಲೂ ಪೂರ್ತಿ ಬಾಯಿ ಬಿಡಲಿಲ್ಲ. ಬರಲು ಒಪ್ಪಿದವಳು ಯೊಹಾನ್ನಾ, ಚರ್ಚಿನೂರಿನವಳು, ನಲವತ್ತರ ಹೆಂಗಸು. ಇಬ್ಬರು ಸಣ್ಣ ಹೆಣ್ಣುಮಕ್ಕಳ ತಾಯಿ.

“ಎಲಿಸ್ ಮಾಮನ್ನ ನೋಡ್ಕೊಳ್ಳೋದಾ? ಖುಷಿಯಿಂದ ಬರ್ತೀನಿ ಅತ್ತೆ,” ಎಂದಳು ಫೋನಿನಲ್ಲಿ. “ಚಿಕ್ಕವಳಿದ್ದಾಗ ಅವರ ಕೆಂಪು ದಾರ ಎಣಿಸ್ಕೊಂಡೇ ಅಜ್ಜಿ ಮನೆಗೆ ಬರ್ತಿದ್ದೆ. ಗುರುವಾರ ಹತ್ತು ಗಂಟೆಗೆ ನಿಮ್ಮ ಬಾಗಿಲಲ್ಲಿ ಇರ್ತೀನಿ. ನೀವು ಹೊದ್ದು ಮಲಗಿ ಅಷ್ಟೇ.”

ಆ ವಾರವಿಡೀ ಗುರುವಾರದ ನಿದ್ದೆಯನ್ನೇ ನೆನೆದುಕೊಂಡಿದ್ದೆ. ಯಾವ ಹಾಸಿಗೆ, ಯಾವ ದಿಂಬು ಅಂತ ಕೂಡ ತೀರ್ಮಾನವಾಗಿತ್ತು.

ಸೋಮವಾರ ಎಲಿಸ್ ನನ್ನ ಕೆಂಪು ಸ್ವೆಟರಿನ ತೋಳು ಬಿಚ್ಚುತ್ತ ಕೂತ. ಎಳೆ ಹಿಡಿದು ಎಳೆಯುವುದು, ಕೈಗೆ ಸುತ್ತುವುದು, ಹಲ್ಲಿನಿಂದ ಕತ್ತರಿಸುವುದು. ಹಾಳಾಗಿ ಹೋಗಲಿ ಸ್ವೆಟರು, ಮನುಷ್ಯ ಸುಮ್ಮನೆ ಕೂತಿದ್ದಾನಲ್ಲ ಎಂದು ನಾನು ಎರಡನೇ ತೋಳನ್ನೂ ಕೊಟ್ಟೆ.

ಮಂಗಳವಾರ ಬೆಳಗಿನ ಕಾಫಿ ಕುಡಿದು ಒಲೆಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿದೆ. ತೆರೆದಾಗ ಹೊರಗೆ ಮಬ್ಬು ಕವಿಯುತ್ತಿತ್ತು. ದಡಬಡಿಸಿ ಎದ್ದೆ. ಆದರೆ ಎಲಿಸ್ ಎದುರಿಗೇ ಕೂತಿದ್ದ. ಕೆನ್ನೆ ಕೆಂಪಗೆ, ಕಣ್ಣು ಹೊಳೆಯುತ್ತ, ಮೇಜಿನ ಮೇಲಿದ್ದ ರೈ ಬ್ರೆಡ್ಡನ್ನೆಲ್ಲ ತಿಂದು ಮುಗಿಸಿದ್ದ. ಬೂಟು ಒದ್ದೆ. ಹೊರಬಾಗಿಲ ಗಂಟೆ ಸದ್ದು ಮಾಡಿರಲಿಲ್ಲ. ದೋಣಿಮನೆಯ ಕಡೆಗಿನ ಹಿಂಬಾಗಿಲ ಚಿಲಕ ತೆಗೆದಿತ್ತು. ಅಂಗಳದಲ್ಲಿ ಓಡಾಡಿರಬೇಕು ಅಂದುಕೊಂಡೆ. ಬೂಟಿನ ಮೇಲೆ ಜುನಿಪರಿನ ಸೂಜಿಯೆಲೆ ಅಂಟಿತ್ತು. ಒರೆಸಿ ಒಲೆಯ ಪಕ್ಕ ಇಟ್ಟೆ.

ಆ ರಾತ್ರಿ ಅವನು ಒಂದು ಸಲವೂ ಏಳಲಿಲ್ಲ.

ಬುಧವಾರ ನಾನು ಮತ್ತೆ ಅದೇ ಕುರ್ಚಿಯಲ್ಲಿ ಕೂತೆ. ಹಿಂಬಾಗಿಲ ಚಿಲಕ ಹಾಕಬೇಕು ಅಂತ ನೆನಪಾಯಿತು. ಹಾಕಲಿಲ್ಲ. ಏಳಲು ಆಗಲಿಲ್ಲ ಅನ್ನಬಹುದು. ಆದರೆ ನಿಜ ಏನೆಂದರೆ, ಅವನು ಹೊರಗೆ ಸುಸ್ತಾಗಿ ಬಂದರೆ ರಾತ್ರಿ ಮಲಗುತ್ತಾನೆ ಅನ್ನುವ ಆಸೆ ನನಗಿತ್ತು. ಅಂದೂ ಒದ್ದೆ ಬೂಟು, ಅಂದೂ ಕೆಂಪು ಕೆನ್ನೆ. “ಎಲ್ಲಾ ತಯಾರಾಯ್ತು ಅಮ್ಮಾ,” ಎಂದ. ಏನು ತಯಾರಾಯಿತು ಅಂತ ಕೇಳಲಿಲ್ಲ. ಆ ರಾತ್ರಿ ಗಾಳಿ ತೆಂಕಣಕ್ಕೆ ತಿರುಗಿತು. ಸೂರಿನಿಂದ ನೀರು ತೊಟ್ಟಿಕ್ಕುವುದು ನಿದ್ದೆಯಲ್ಲೇ ಕೇಳಿತು.

ಗುರುವಾರ ಬೆಳಕು ಹರಿಯುವಾಗ ಎಂಟೂವರೆ. ಪರದೆ ಸರಿಸಿದೆ. ನಮ್ಮ ದೋಣಿಕಟ್ಟೆಯಿಂದ ಶುರುವಾಗಿ ಕಾಗೆಬಂಡೆಯ ಕಡೆಗೆ ಪೊದೆಗಳ ಸಾಲು, ಅಂಬು ಬಿಟ್ಟಷ್ಟು ನೇರ. ಪ್ರತಿಯೊಂದರ ಕುತ್ತಿಗೆಯಲ್ಲೂ ನನ್ನ ಸ್ವೆಟರಿನ ದಾರ. ಮಂಜಿನಲ್ಲಿ ಕೊನೆಯವು ಕಾಣಲಿಲ್ಲ. ಬಂಡೆಯಾಚೆ ರೂನಾರನ ದಾರಿಯನ್ನು ಅವು ಮುಟ್ಟಿರುತ್ತವೆ ಅಂತ ನೋಡದೆಯೂ ಗೊತ್ತಿತ್ತು. ಎಲಿಸ್ ಅರ್ಧ ಕೆಲಸ ಮಾಡುವವನಲ್ಲ.

ಗಡಿಯಾರ ನೋಡಿದೆ. ಹತ್ತು ಗಂಟೆಗೆ ಯೊಹಾನ್ನಾ ಬರುತ್ತಾಳೆ. ಕೆಂಪು ದಾರ ನೋಡುತ್ತಾಳೆ. ತಿರುಗುತ್ತಾಳೆ.

ಫೋನು ಕೈಗೆತ್ತಿಕೊಂಡೆ. ರೂನಾರನಿಗೆ ಹೇಳಿದರೆ ಹತ್ತು ನಿಮಿಷದಲ್ಲಿ ಬರುತ್ತಾನೆ. ಸಂಜೆಯೊಳಗೆ ಎಲಿಸನಿಗೆ ಬುದ್ಧಿ ಕೆಟ್ಟಿದೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ವಾರದೊಳಗೆ ಅವನು ಸಮುದ್ರ ಕಾಣದ ಕಿಟಕಿಯ ಪಕ್ಕ ಬಿಬ್ ಕಟ್ಟಿಕೊಂಡು ಕೂತಿರುತ್ತಾನೆ. ಫೋನು ಇಟ್ಟುಬಿಟ್ಟೆ. ನಾನೇ ಹೋಗಿ ಸೆಳೆತದ ಈಚೆಗಿನ ಪೊದೆ ಕಿತ್ತು ಕತ್ತರಿ ಇಟ್ಟು ಬರುತ್ತೇನೆ, ಇಪ್ಪತ್ತು ನಿಮಿಷದ ಕೆಲಸ, ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡೆ.

ಆದರೆ ಅವನನ್ನು ಒಬ್ಬನನ್ನೇ ಬಿಟ್ಟು ಹೋಗುವಂತಿಲ್ಲ, ಜೊತೆಗೆ ಕರೆದೊಯ್ಯಲು ಬಟ್ಟೆ ಹಾಕಬೇಕು. ಅವನಿಗೆ ಬಟ್ಟೆ ಹಾಕುವುದು ಅಂದರೇನು ಅಂತ ಮಾಡಿದವರಿಗೇ ಗೊತ್ತು. ಬಲಗಾಲು ಪ್ಯಾಂಟಿಗೆ ಹೋದರೆ ಎಡಗಾಲು ಬರುವುದಿಲ್ಲ. ಎಡಗಾಲು ಹೋಗುವಷ್ಟರಲ್ಲಿ ಬಲಗಾಲು ಹೊರಗೆ. “ಇದು ನಂದಲ್ಲ,” “ಇದು ಚುಚ್ಚುತ್ತೆ,” “ನೀವು ಯಾರು ನನ್ನ ಪ್ಯಾಂಟ್ ಮುಟ್ಟೋಕೆ?” ಬೇಡಿಕೊಂಡೆ, ಗದರಿದೆ, ಸಕ್ಕರೆ ತುಂಡು ಬಾಯಿಗಿಟ್ಟೆ. ಕೊನೆಯ ಗುಂಡಿ ಹಾಕಿದಾಗ ಒಂಬತ್ತೂವರೆ ದಾಟಿತ್ತು. ಆಗ ಹೆದರಿ ಯೊಹಾನ್ನಾಳಿಗೆ ಫೋನ್ ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಹಿಮಗಾಡಿಯ ಮೇಲೆ ಕೂತವರಿಗೆ ಎಂಜಿನ್ನಿನ ಸದ್ದಿನಲ್ಲಿ ಫೋನು ಕೇಳಿಸುವುದಿಲ್ಲ.

ಬಾಗಿಲ ಮೂಲೆಯಲ್ಲಿ ನಮ್ಮಿಬ್ಬರ ಗಡ್ಡೆ ಕುಟ್ಟುವ ಕೋಲುಗಳಿದ್ದವು. ಎಲಿಸ್ ತನ್ನದನ್ನು ತಾನೇ ತೆಗೆದುಕೊಂಡ. ನಾನು ನನ್ನದನ್ನು ಎಡಗೈಗೆ ತೆಗೆದುಕೊಂಡು ಬಲಗೈಯಲ್ಲಿ ಅವನ ಕೈ ಹಿಡಿದೆ.

“ಅಂತೂ ಹೊರಟ್ರಲ್ಲ ಅಮ್ಮಾ,” ಎಂದ.

ಗಡ್ಡೆಯ ಮೇಲೆ ಒಂದು ಬೆರಳು ನೀರು ನಿಂತಿತ್ತು. ಬಣ್ಣ ಬಿಳಿಯಿಂದ ಬೂದಿಗೆ ತಿರುಗಿತ್ತು. ಮೊದಲ ಪೊದೆಯ ಹತ್ತಿರ ಎಲಿಸ್ ನಿಂತು ದಾರದ ಗಂಟು ಮುಟ್ಟಿ ನೋಡಿದ.

“ಯಾರು ಹಾಕಿದ್ದು ಈ ದಾರಿ? ಒಳ್ಳೇ ಕೆಲಸಗಾರ.”

“ಗೊತ್ತಿಲ್ಲ,” ಎಂದು ನಾನು ಬಗ್ಗಿ ಪೊದೆಯನ್ನು ಕಿತ್ತೆ.

ಅವನ ಮುಖ ಬದಲಾಯಿತು. ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಮತ್ತೆ ತೂತಿಗೆ ನೆಟ್ಟು ಹಿಮ್ಮಡಿಯಿಂದ ತುಳಿದ. “ಬೇರೆಯವರ ಗುರುತು ಕೀಳ್ತೀರಾ? ಆ ದಾರೀಲಿ ಜನ ಬರ್ತಾರೆ ಕಣ್ರೀ! ಮಕ್ಕಳು ಬರ್ತಾರೆ! ನಾಚಿಕೆ ಆಗಲ್ವಾ?” ಎಂದು ಕೂಗಿದ. ಕಣ್ಣಲ್ಲಿ ನೀರು ತುಂಬಿತ್ತು. ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಇನ್ನು ಕೀಳುವ ಮಾತೇ ಇಲ್ಲ. ಸೆಳೆತದ ಅಂಚಿಗೆ ಹೋಗಿ ಯೊಹಾನ್ನಾಳಿಗೆ ಕಾಣುವ ಹಾಗೆ ನಿಲ್ಲೋಣ, ಕೂಗೋಣ ಎಂದು ಅವನನ್ನು ಎಳೆದುಕೊಂಡು ನಡೆದೆ. ನಾಲ್ಕು ಹೆಜ್ಜೆಗೇ ಅವನು ಮುಂದಾದ. ಕೋಲು ಕೈಗೆ ಬಂದ ಮೇಲೆ ಅವನ ನಡಿಗೆಯೇ ಬೇರೆ. ಹೆಜ್ಜೆಗೊಂದು ಏಟು ಟಕ್, ಟಕ್ ಎಂದು ಬೀಳುತ್ತಿತ್ತು. ತಲೆ ಒಂದಿಷ್ಟು ವಾಲಿಸಿ ಕೇಳಿಸಿಕೊಳ್ಳುತ್ತಿದ್ದ. ಮೂರನೇ ಪೊದೆ ದಾಟಿ ಇಪ್ಪತ್ತು ಹೆಜ್ಜೆಗೆ ಟಕ್ ಅನ್ನಬೇಕಾದದ್ದು ದೊಪ್ ಎಂದಿತು. ಅವನು ಕಂಬದಂತೆ ನಿಂತ. ಅಡ್ಡಗೈಯಿಂದ ನನ್ನ ಎದೆಗೆ ತಡೆದ.

“ಇಲ್ಲಿಂದ ಮುಂದೆ ಬೇಡ.”

ನನ್ನ ಹೆಸರು ಮರೆತ ತಲೆ, ಬಟ್ಟಲು ಚಮಚ ಮರೆತ ತಲೆ. ಆದರೆ ಆ ಕೋಲು ಕೈಯಲ್ಲಿರುವವರೆಗೆ ಸಮುದ್ರ ಅವನಿಗೆ ಮೋಸ ಮಾಡುವಂತಿರಲಿಲ್ಲ. ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಅಲ್ಲೇ ತಬ್ಬಿಕೊಳ್ಳೋಣ ಅನ್ನಿಸಿತು.

ಅಷ್ಟರಲ್ಲಿ ಎಂಜಿನ್ನಿನ ಸದ್ದು. ಕಾಗೆಬಂಡೆಯ ಹಿಂದಿನಿಂದ ಹಿಮಗಾಡಿ ಹೊರಬಂತು. ಕೆಂಪು ಟೋಪಿ ಹಾಕಿದ ಯೊಹಾನ್ನಾ ಎಲಿಸನ ಪೊದೆಗಳ ಪಕ್ಕದಲ್ಲಿ ನೇರವಾಗಿ, ನಿಶ್ಚಿಂತೆಯಿಂದ, ಬಾಲ್ಯದಲ್ಲಿ ಬರುತ್ತಿದ್ದ ಹಾಗೆ ಬರುತ್ತಿದ್ದಳು. ನಮ್ಮನ್ನು ಕಂಡು ಕೈ ಬೀಸಿದಳು.

“ನಿಲ್ಲು! ಯೊಹಾನ್ನಾ, ನಿಲ್ಲು!”

ಕೇಳಲಿಲ್ಲ. ಎಡಗೈಯ ಕೋಲನ್ನು ಎತ್ತಿ ಆಡಿಸಿದೆ. ಸ್ವಾಗತ ಮಾಡುತ್ತಿದ್ದೇನೆ ಅಂದುಕೊಂಡು ಅವಳು ಮತ್ತೆ ಕೈ ಬೀಸಿದಳು. ನಮ್ಮ ನಡುವೆ ಆ ಬೂದಿ ಬಣ್ಣದ ಪಟ್ಟಿ, ಆಚೆಗೆ ಇನ್ನೂ ಒಂದೆರಡು ಪೊದೆ. ದೂರದಿಂದ ಕಂಡ ಕೂಡಲೇ ನಿಲ್ಲಿಸುವುದು ಕತ್ತರಿಯೊಂದೇ. ಅದಕ್ಕೆ ಎರಡು ಕೋಲು ಬೇಕು, ಎರಡು ಕೈ ಬೇಕು.

ಎಲಿಸನ ಕೈ ಬಿಟ್ಟೆ. ಅವನ ಬಲಗೈಯಿಂದ ಕೋಲು ಕಿತ್ತುಕೊಂಡೆ. ಬಿಗಿಯಾಗಿ ಹಿಡಿದಿದ್ದ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಎರಡನ್ನೂ ತಲೆಯ ಮೇಲೆ ಕತ್ತರಿಯ ಹಾಗೆ ಎತ್ತಿ ಹಿಡಿದು ನಿಂತೆ.

“ಕೈ ಬಿಟ್ರಾ?” ಎಂದ ಎಲಿಸ್. “ಒಳ್ಳೇದಾಯ್ತು ಅಮ್ಮಾ.”

ಹಿಮಗಾಡಿ ಗಕ್ಕನೆ ತಿರುಗಿ ಅಡ್ಡಲಾಗಿ ಜಾರಿ ನಿಂತಿತು. ಯೊಹಾನ್ನಾ ಇಳಿದಳು, ಕಾಲ ಕೆಳಗೆ ನೋಡಿದಳು, ಎರಡು ಹೆಜ್ಜೆ ಹಿಂದೆ ಸರಿದಳು. ಕೆಂಪು ಟೋಪಿ ಅಲ್ಲೇ ನಿಂತಿತು, ಜೀವಂತವಾಗಿ.  ಕೋಲು ಇಳಿಸಲು ಧೈರ್ಯವಾಗಲಿಲ್ಲ. ಬಲಗೈಯಲ್ಲಿ ಅವನ ಕೈ ಇಲ್ಲದೆ ನಿಂತು ಎಷ್ಟು ಕಾಲವಾಗಿತ್ತೋ, ಮೈ ಹಗುರ ಹಗುರ ಅನ್ನಿಸಿತು. ಹೌದು, ಹಗುರ ಅನ್ನಿಸಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ನಾನು ಯಾರ ಕಡೆಗೂ ನೋಡದೆ ನಿಂತೆ.

“ಸಿಗ್ನೆ ಬಂದ್ಲು!” ಅನ್ನುವ ದನಿ ಕೇಳಿತು. ಅದು ನನ್ನ ಪಕ್ಕದಿಂದ ಬರಲಿಲ್ಲ, ಮುಂದಿನಿಂದ ಬಂತು.

ಅವನು ಬರಿಗೈಯಲ್ಲಿ ನಡೆಯುತ್ತಿದ್ದ, ಎರಡೂ ಕೈ ಚಾಚಿಕೊಂಡು ಕೆಂಪು ಟೋಪಿಯ ಕಡೆಗೆ. ನಾನು ಕೂಗಿದೆ. ಐವತ್ತು ವರ್ಷದ ಹಳೇ ದನಿಯಲ್ಲಿ ‘ಎಲಿಸ್’ ಅಂತ ಕೂಗಿದೆ. ಅವನು ತಿರುಗಿ ನೋಡಿದ, ನಕ್ಕ, “ಬರ್ತೀನಿ ಅಮ್ಮಾ,” ಅಂದ. ದೊಡ್ಡ ಸದ್ದೇನೂ ಆಗಲಿಲ್ಲ. ಅಡುಗೆಮನೆಯಲ್ಲಿ ಯಾರೋ ಬಾಗಿಲು ಮೆಲ್ಲಗೆ ಮುಚ್ಚಿದಷ್ಟು ಸದ್ದಾಯಿತು. ಆಮೇಲೆ ಅವನ ಟೋಪಿಯೊಂದೇ ನೀರಿನ ಮೇಲಿತ್ತು.

ಮೂರನೇ ದಿನ ಸಿಕ್ಕ. ಮಣ್ಣು ಮಾಡಿದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಕಾಫಿ. ಊರೆಲ್ಲ ಬಂದಿತ್ತು. ಯೊಹಾನ್ನಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನೆದುರಿಗೆ ಕೂತಿದ್ದಳು. ನಾನು ಕೂಗಿ, ಕೈ ಬೀಸಿ ಅವಳನ್ನು ನಿಲ್ಲಿಸಿದೆ ಅಂತ ಎಲ್ಲರಿಗೂ ಹೇಳಿದ್ದಳು. ಅಷ್ಟನ್ನೇ ಹೇಳಿದ್ದಳು, ಕೋಲಿನ ಮಾತು ಎತ್ತಿರಲಿಲ್ಲ.

ಆ ಹೊತ್ತಿಗೆ ಸಾವಿನ ಬಗ್ಗೆ ಡಾಕ್ಟರು ಬರೆದ ಕಾಗದದಿಂದ ಮರೆವಿನ ವಿಷಯ ಊರಿಗೆಲ್ಲ ತಿಳಿದಿತ್ತು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅವರು ದಾರಿ ಹಾಕಿದ ದಿನ ಗಡ್ಡೆ ಗಟ್ಟಿಯಾಗೇ ಇತ್ತು ಸಿಗ್ನಕ್ಕ,” ಎಂದ ರೂನಾರ್, ಮೂಗು ಒರೆಸಿಕೊಳ್ಳುತ್ತ. “ನಾನು ಎಲ್ಲರಿಗೂ ಅದನ್ನೇ ಹೇಳ್ತಿದ್ದೀನಿ. ಎಲಿಸಣ್ಣನ ಗುರುತು ತಪ್ಪಿರಲಿಲ್ಲ. ನನಗೆ ಅರ್ಥ ಆಗದೇ ಇರೋದು ಒಂದೇ. ಕೋಲು ಕೈಲಿದ್ದಿದ್ರೆ ಅವರು ಬೀಳ್ತಿರಲಿಲ್ಲ, ನನ್ನಾಣೆಗೂ ಬೀಳ್ತಿರಲಿಲ್ಲ. ಕೋಲಿಲ್ಲದೆ ಹೆಂಗೆ ಹೋದ್ರು ಅವರು?”

ಯೊಹಾನ್ನಾ ಕಾಫಿ ಲೋಟದೊಳಗೆ ನೋಡುತ್ತ ಕೂತಿದ್ದಳು. ಅವಳ ಸಣ್ಣ ಮಗಳು ಏಲಕ್ಕಿ ಬನ್ನಿನ ಮೇಲಿನ ಸಕ್ಕರೆ ನೆಕ್ಕುತ್ತಿದ್ದಳು.

“ಮರೆತಿರಬೇಕು ರೂನಾರ್,” ಎಂದೆ ನಾನು. “ಅವನಿಗೆ ಮರೆವು ತಾನೇ.”